ಜಠರದ ಉರಿಯೂತ, ವಂಶವಾಹಿಯ ಪಾಲು

ಕ್ಯಾನ್ಸರ್ ವಂಶದಲ್ಲೇ ಇದೆ ಎಂದು ಗೊತ್ತಾದ ಮನೆಯಲ್ಲಿ, ಇನ್ನು ನಮ್ಮ ಕೈಯಲ್ಲೇನಿದೆ ಎಂಬ ನಿಟ್ಟುಸಿರು ಸಹಜ. ಜಠರದ ಕ್ಯಾನ್ಸರಿನ ಮಟ್ಟಿಗೆ ಆ ಹತಾಶೆಗೆ ಆಧಾರ ಕಡಿಮೆ ಎಂಬುದು ನನ್ನ ವಾದ. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಬಾಲ್ಯದಲ್ಲೇ ಹೊಟ್ಟೆ ಸೇರಿ, ಜಠರದ ಒಳಪದರದಲ್ಲಿ ದಶಕಗಟ್ಟಲೆ ಉರಿಯೂತವನ್ನು ಉಳಿಸುತ್ತದೆ. ಅಲ್ಲಿನ ಜೀವಕೋಶಗಳ ಡಿಎನ್‌ಎ ಎಳೆಗಳು ಮತ್ತೆ ಮತ್ತೆ ತುಂಡಾಗುತ್ತವೆ. ತುಂಡಾದದ್ದನ್ನು ತಪ್ಪಿಲ್ಲದೆ ಬೆಸೆಯುವುದರಲ್ಲಿ ಬಿಆರ್‌ಸಿಎ1, ಬಿಆರ್‌ಸಿಎ2, ಎಟಿಎಂ, ಪಿಎಎಲ್‌ಬಿ2 ವಂಶವಾಹಿಗಳಿಗೆ ದೊಡ್ಡ ಪಾಲಿದೆ. ಅವುಗಳಲ್ಲೊಂದು ಹುಟ್ಟಿನಿಂದಲೇ ಕೆಟ್ಟಿದ್ದರೆ? ಜಪಾನಿನ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ದೋಷ ಮತ್ತು ಸೋಂಕು ಎರಡೂ ಇರುವವರಿಗೆ 85 ವರ್ಷದೊಳಗೆ ಜಠರದ ಕ್ಯಾನ್ಸರ್ ಬರುವ ಸಂಭವ ಶೇ 45.5, ಸೋಂಕು ಮಾತ್ರ ಇರುವವರಿಗೆ ಶೇ 14.4. ದೋಷವಿದ್ದೂ ಸೋಂಕಿಲ್ಲದವರಲ್ಲಿ ಅದು ಶೇ 5ಕ್ಕಿಂತ ಕಡಿಮೆ. ನಾವು ಹೆಚ್ಚು ಗಮನಿಸಬೇಕಾದದ್ದು ಈ ಕೊನೆಯ ಅಂಕಿಯನ್ನು. ಕೆಟ್ಟ ವಂಶವಾಹಿ ತಾನೊಂದೇ ಅಷ್ಟು ಹಾನಿ ಮಾಡಲಾರದು, ಉರಿಯೂತ ಜೊತೆಗೂಡಬೇಕು. (ಸಿಡಿಎಚ್1 ದೋಷದ ಮಾತು ಬೇರೆ, ಅಲ್ಲಿ ಜಠರವನ್ನೇ ಮುಂಚಿತವಾಗಿ ತೆಗೆಸಿಕೊಳ್ಳಲು ವೈದ್ಯರು ಸಲಹೆ ಕೊಡುವುದುಂಟು.)

ಜಪಾನಿನ ಅಂಕಿಗಳು ನಮಗೆ ಹೊಂದುತ್ತವೆಯೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಭಾರತದಲ್ಲಿ ಈ ಸೋಂಕು ಬಹಳ ಸಾಮಾನ್ಯ, ಆದರೆ ಜಠರದ ಕ್ಯಾನ್ಸರ್ ಜಪಾನಿಗಿಂತ ಎಷ್ಟೋ ಕಡಿಮೆ. ಮಿಜೋರಾಂನಲ್ಲಿ ಮಾತ್ರ ಅದರ ಹಾವಳಿ ವಿಪರೀತ. ಬ್ಯಾಕ್ಟೀರಿಯಾದ ತಳಿ, ಉಪ್ಪು, ಹೊಗೆಯಲ್ಲಿ ಒಣಗಿಸಿದ ಮಾಂಸ, ತಂಬಾಕು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ಶೇಕಡಾವಾರು ಅಂಕಿಯನ್ನು ಯಥಾವತ್ತಾಗಿ ಇಲ್ಲಿಗೆ ತರುವುದು ತಪ್ಪು. ಆದರೆ ಈ ವ್ಯತ್ಯಾಸವೇ ಪರಿಸರದ ಕೈವಾಡವನ್ನು ತೋರಿಸುತ್ತಿದೆಯಲ್ಲ! ಅಪಾಯವನ್ನು ತಗ್ಗಿಸಬಹುದೆಂಬುದಕ್ಕೆ ಕೊರಿಯಾದ ಸಾಕ್ಷ್ಯವಿದೆ. ಜಠರದ ಕ್ಯಾನ್ಸರ್ ಬಂದವರ ಹೆತ್ತವರು, ಒಡಹುಟ್ಟಿದವರು, ಮಕ್ಕಳಲ್ಲಿ ಸೋಂಕಿದ್ದವರನ್ನು ಎರಡು ಗುಂಪು ಮಾಡಿ, ಸುಮಾರು ಒಂಬತ್ತು ವರ್ಷ ಗಮನಿಸಿದರು. ಸೋಂಕು ನಿವಾರಣೆಯ ಔಷಧ ಪಡೆದವರಲ್ಲಿ ಶೇ 1.2, ಪಡೆಯದವರಲ್ಲಿ ಶೇ 2.7 ಮಂದಿಗೆ ಕ್ಯಾನ್ಸರ್ ಬಂತು.

ಹಾಗಿದ್ದರೆ ಎಲ್ಲರಿಗೂ ಆ್ಯಂಟಿಬಯೋಟಿಕ್ ಕೊಟ್ಟುಬಿಡಬಹುದಲ್ಲ ಎನ್ನುವವರಿದ್ದಾರೆ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಈಗಾಗಲೇ ಹೆಚ್ಚುತ್ತಿರುವ ದೇಶದಲ್ಲಿ ನಾನದನ್ನು ಒಪ್ಪಲಾರೆ. ವಂಶವಾಹಿಯ ಮಾಹಿತಿ ನೆರವಾಗುವುದು ಇಲ್ಲಿಯೇ: ಯಾರನ್ನು ಮೊದಲು ಪರೀಕ್ಷಿಸಬೇಕೆಂದು ಅದು ಹೇಳುತ್ತದೆ. ಪರೀಕ್ಷೆಯೂ ಸರಳ. ಗುರುತು ಹಚ್ಚಿದ ಇಂಗಾಲವಿರುವ ಯೂರಿಯಾ ಕುಡಿಸಿ, ಕೆಲ ನಿಮಿಷಗಳ ನಂತರ ಚೀಲಕ್ಕೆ ಊದಿಸುತ್ತಾರೆ. ಬ್ಯಾಕ್ಟೀರಿಯಾ ಇದ್ದರೆ ಯೂರಿಯಾ ಒಡೆದು ಆ ಇಂಗಾಲ ಉಸಿರಿನಲ್ಲಿ ಹೊರಬರುತ್ತದೆ. ಸ್ತನ ಕ್ಯಾನ್ಸರಿನ ಕಾರಣಕ್ಕೆ ಬಿಆರ್‌ಸಿಎ ದೋಷ ಪತ್ತೆಯಾದ ಮನೆಗಳಲ್ಲಿ, ದೋಷ ಹೊತ್ತ ಗಂಡಸರಿಗೂ ಹೆಂಗಸರಿಗೂ ಈ ಪರೀಕ್ಷೆಯನ್ನು ವೈದ್ಯರು ಬರೆದುಕೊಡಲಿ, ಒಳಪದರ ಸವೆದುಹೋಗುವ ಮುನ್ನವೇ.