ಗುಡುಗಿನ ಎಚ್ಚರಿಕೆ ಇರುವ ದಿನ ಹೊಲಕ್ಕೆ ಹೋಗಬೇಕೆ?



ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಮಾಗಿ ಉಳುಮೆ ಮಾಡಿಟ್ಟ ಹೊಲಕ್ಕೆ ಒಂದು ಹದವಾದ ಮಳೆ ಬಿದ್ದರೆ ಸಾಕು, ಎಳ್ಳು, ಅಲಸಂದೆ, ಹೆಸರು ಬಿತ್ತುವ ಸಿದ್ಧತೆ ಶುರುವಾಗುತ್ತದೆ. ಆದರೆ ಅಶ್ವಿನಿ, ಭರಣಿ, ಕೃತ್ತಿಕಾ ಮಳೆಗಳು ಒಂಟಿಯಾಗಿ ಬರುವುದಿಲ್ಲ. ಬಿರುಗಾಳಿ, ಆಲಿಕಲ್ಲು, ಸಿಡಿಲು ಇವುಗಳನ್ನೂ ಜೊತೆಗೆ ಕರೆತರುತ್ತವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸಿದ ಅಂಕಿ ಅಂಶಗಳಂತೆ 2022ರ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲಿ ಸಿಡಿಲಿಗೆ 2,887 ಮಂದಿ ಬಲಿಯಾದರು. ಆ ವರ್ಷ ಪ್ರಕೃತಿ ವಿಕೋಪಗಳಿಂದ ಸತ್ತವರಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಸತ್ತದ್ದು ಸಿಡಿಲಿನಿಂದಲೇ. ಇವರು ಹೆಚ್ಚಾಗಿ ಯಾರು? ಹೊಲದಲ್ಲಿ ಕೆಲಸ ಮಾಡುತ್ತಿದ್ದವರು, ದನ ಕುರಿ ಮೇಯಿಸುತ್ತಿದ್ದವರು, ಮಳೆಗೆ ಮರದ ಕೆಳಗೆ ನಿಂತವರು. ಅಂದರೆ ನಮ್ಮವರೇ.

ಆದ್ದರಿಂದ ಈ ವಾರ ಗೊಬ್ಬರ, ಬೀಜೋಪಚಾರದ ಮಾತನ್ನು ಬದಿಗಿಟ್ಟು ಬೇರೊಂದು ಪ್ರಶ್ನೆಯನ್ನು ತಮ್ಮ ಮುಂದೆ ಇಡುತ್ತಿದ್ದೇನೆ. ಬೆಳಿಗ್ಗೆ ರೇಡಿಯೋದಲ್ಲೋ ಮೊಬೈಲಿನಲ್ಲೋ ‘ಈ ದಿನ ಜಿಲ್ಲೆಯ ಅಲ್ಲಲ್ಲಿ ಗುಡುಗು ಸಿಡಿಲಿನ ಮಳೆ, ಗಂಟೆಗೆ 40ರಿಂದ 50 ಕಿಲೋಮೀಟರ್ ವೇಗದ ಗಾಳಿ’ ಎಂಬ ಎಚ್ಚರಿಕೆ ಬಂದಿದೆ. ಅಂಥ ದಿನ ಹೊಲಕ್ಕೆ ಹೋಗಬೇಕೆ? ನೀವು ಹೋದರೂ ಹೋಗಿ, ಆಳುಗಳನ್ನು ಕರೆಯಬೇಕೆ?

‘ಹೋಗಬೇಡಿ’ ಎಂದು ಬರೆದು ಕೈತೊಳೆದುಕೊಳ್ಳುವುದು ಸುಲಭ. ಕಚೇರಿಯ ನೌಕರ ರಜೆ ಹಾಕಿ ಮನೆಯಲ್ಲಿ ಕುಳಿತರೆ ಅವನ ಸಂಬಳಕ್ಕೆ ಧಕ್ಕೆ ಇಲ್ಲ. ಬೇಸಾಯಗಾರನಿಗೆ ಹಾಗಿಲ್ಲ. ಹದ ತಪ್ಪಿದರೆ ಬಿತ್ತನೆ ತಪ್ಪಿತು, ದಿನ ತಪ್ಪಿದರೆ ಕೂಲಿ ತಪ್ಪಿತು. ಏಪ್ರಿಲ್, ಮೇ ತಿಂಗಳುಗಳಲ್ಲಿ ಎಚ್ಚರಿಕೆ ಬಂದ ದಿನಗಳಲ್ಲೆಲ್ಲ ಮನೆಯಲ್ಲಿ ಕೂರುವುದಾದರೆ ಮುಂಗಾರಿನ ತಯಾರಿಯೇ ಆಗಲಾರದು. ಹಾಗಾಗಿ ಪೂರಾ ದಿನ ಬಿಡಬೇಕೋ ಬೇಡವೋ ಎಂಬುದಕ್ಕಿಂತ ಯಾವ ಹೊತ್ತನ್ನು ಬಿಡಬೇಕು ಎಂದು ಯೋಚಿಸುವುದು ಮೇಲು.

ಈ ಕಾಲದ ಮಳೆಯ ಗುಣವನ್ನು ತಾವೇ ಬಲ್ಲಿರಿ. ಬೆಳಗಿನ ಬಿಸಿಲಿಗೆ ನೆಲ ಕಾಯುತ್ತದೆ. ಕಾದ ಗಾಳಿ ಸಮುದ್ರದ ಕಡೆಯಿಂದ ಬಂದ ತೇವವನ್ನು ಹೊತ್ತು ಮೇಲೇರುತ್ತದೆ. ಮಧ್ಯಾಹ್ನ ದಾಟುತ್ತಿದ್ದಂತೆ ಹತ್ತಿಯ ರಾಶಿಯಂಥ ಮೋಡ ಗೋಪುರದ ಹಾಗೆ ಬೆಳೆದು ಬುಡ ಕಪ್ಪಾಗುತ್ತದೆ. ಹೆಚ್ಚಿನ ಗುಡುಗು ಮಳೆ ಮಧ್ಯಾಹ್ನ 2 ಗಂಟೆಯಿಂದ ರಾತ್ರಿಯೊಳಗೆ ಬರುವುದಕ್ಕೆ ಇದೇ ಕಾರಣ. ಎಂದರೆ, ಎಚ್ಚರಿಕೆ ಇದ್ದ ದಿನವೂ ಮುಂಜಾನೆಯ ಐದಾರು ಗಂಟೆ ಸಾಮಾನ್ಯವಾಗಿ ನಮ್ಮದೇ. ಬೆಳಿಗ್ಗೆ 6ಕ್ಕೆ ಕೆಲಸ ಹಿಡಿದು 11ಕ್ಕೆ, ತಡವಾದರೆ 12ಕ್ಕೆ, ಮನೆ ಸೇರಿದರೆ ಕೆಲಸವೂ ಕೆಡದು, ಜೀವಕ್ಕೂ ಕುತ್ತಿಲ್ಲ. ಬೇಸಿಗೆಯ ಉರಿಬಿಸಿಲಿಗೂ ಇದೇ ವೇಳೆ ಹಿತ. ಬೆಳಿಗ್ಗೆಯೇ ಮೋಡ ಕಟ್ಟಿ ಗುಡುಗಿದ ದಿನ ಮಾತ್ರ ಈ ಲೆಕ್ಕ ನಡೆಯದು. ಆ ದಿನ ಮುಗಿಲು ನೋಡಿಯೇ ಹೆಜ್ಜೆ ಇಡಬೇಕು.

ಹವಾಮಾನ ಇಲಾಖೆ ಎಚ್ಚರಿಕೆಗಳಿಗೆ ಬಣ್ಣ ಕೊಟ್ಟಿದೆ. ಹಸಿರಾದರೆ ಚಿಂತೆಯಿಲ್ಲ. ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಈಗಲೇ ಕ್ರಮ ಕೈಗೊಳ್ಳಿ ಎಂದು ಅರ್ಥ. ನನ್ನ ಸಲಹೆ ಇಷ್ಟು: ಹಳದಿ ದಿನ ಕೆಲಸಕ್ಕೆ ಹೋಗಿ, ಆದರೆ ಮಧ್ಯಾಹ್ನದ ನಂತರ ಮುಗಿಲಿನ ಮೇಲೆ ಒಂದು ಕಣ್ಣಿರಲಿ. ಕಿತ್ತಳೆ ದಿನ ಬೆಳಗಿನ ಒಪ್ಪೊತ್ತು ಮಾತ್ರ ಕೆಲಸ. ದೂರದ ಹೊಲ, ಬೋಳುಗುಡ್ಡ, ಕೆರೆಯಂಗಳ ಇವುಗಳ ಕಡೆ ಅಂದು ಬೇಡ. ಕೆಂಪು ಎಂದ ದಿನ ದನಗಳನ್ನೂ ಹೊರಗೆ ಬಿಡದೆ ಮನೆಯಲ್ಲಿರುವುದೇ ಸರಿ. ಅಂದಿನ ಉಳುಮೆಯನ್ನು ನಾಳೆ ಮಾಡಬಹುದು.

‘ಸ್ವಾಮಿ, ಮೂರು ಸಲ ಹೇಳಿದರು, ಒಂದು ಹನಿಯೂ ಬೀಳಲಿಲ್ಲ’ ಎಂದು ರೈತರು ನನ್ನನ್ನು ಕೇಳಿದ್ದುಂಟು. ಅವರ ದೂರಿನಲ್ಲಿ ಸತ್ಯವಿದೆ. ಎಚ್ಚರಿಕೆ ಕೊಡುವುದು ಇಡೀ ಜಿಲ್ಲೆಗೆ. ಮಳೆ ಬೀಳುವುದು ಒಂದು ಹೋಬಳಿಗೆ, ಒಮ್ಮೊಮ್ಮೆ ಹಳ್ಳದ ಈಚೆ ದಡಕ್ಕೆ ಬಿದ್ದು ಆಚೆ ದಡಕ್ಕೆ ಇಲ್ಲ. ಸಿಡಿಲು ಯಾವ ಸರ್ವೇ ನಂಬರಿಗೆ ಬಡಿಯುತ್ತದೆಂದು ಬೆಳಿಗ್ಗೆಯೇ ಹೇಳಬಲ್ಲ ಯಂತ್ರ ಎಲ್ಲಿಯೂ ಇಲ್ಲ. ಆದರೆ ಹತ್ತಿರದ ವೇಳೆಯ ಸೂಚನೆ ಈಗ ಎಷ್ಟೋ ಸುಧಾರಿಸಿದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ರೂಪಿಸಿದ ‘ದಾಮಿನಿ’ ಎಂಬ ಮೊಬೈಲ್ ಆ್ಯಪ್ ನಿಮ್ಮ ಸುತ್ತ 20 ಮತ್ತು 40 ಕಿಲೋಮೀಟರ್ ಒಳಗೆ ಸಿಡಿಲು ಬೀಳುತ್ತಿದ್ದರೆ ತಿಳಿಸುತ್ತದೆ. ನಮ್ಮ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ‘ಸಿಡಿಲು’ ಎಂಬ ಆ್ಯಪನ್ನೂ ‘ವರುಣ ಮಿತ್ರ’ ಎಂಬ ಸಹಾಯವಾಣಿಯನ್ನೂ ರೂಪಿಸಿದ್ದಾರೆ. ಮನೆಯ ಹುಡುಗ ಹುಡುಗಿಯರಿಗೆ ಹೇಳಿದರೆ ಐದು ನಿಮಿಷದಲ್ಲಿ ಮೊಬೈಲಿಗೆ ಹಾಕಿಕೊಡುತ್ತಾರೆ. ಮಳೆ ಬಾರದ ಎಚ್ಚರಿಕೆಯನ್ನು ನಾವು ಸುಳ್ಳು ಎನ್ನುತ್ತೇವೆ. ಆದರೆ ಇರುಳು ಹಂದಿ ಬರಲಿಲ್ಲವೆಂದು ಮರುದಿನ ಹೊಲ ಕಾಯುವುದನ್ನು ಬಿಡುತ್ತೇವೆಯೇ?

ಯಂತ್ರದ ಸಹಾಯವಿಲ್ಲದೆಯೂ ಒಂದು ಲೆಕ್ಕವಿದೆ. ಮಿಂಚು ಕಂಡೊಡನೆ ಒಂದು, ಎರಡು, ಮೂರು ಎಂದು ಎಣಿಸತೊಡಗಿ. ಬೆಳಕು ಕಣ್ಣಿಗೆ ತಕ್ಷಣ ಕಾಣುತ್ತದೆ. ಸದ್ದು ಮಾತ್ರ ಸೆಕೆಂಡಿಗೆ ಸುಮಾರು 340 ಮೀಟರಿನಂತೆ ನಡೆದು ಬರುತ್ತದೆ. ಆದ್ದರಿಂದ ಮೂರು ಎಣಿಕೆಗೆ ಒಂದು ಕಿಲೋಮೀಟರ್. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ. ಮುಂದಿನದು ನಿಮ್ಮ ಹೊಲಕ್ಕೇ ಬೀಳಬಹುದು. ಕೈಯಲ್ಲಿದ್ದ ಕೆಲಸ ಬಿಟ್ಟು ಆಗಲೇ ಹೊರಡಬೇಕು. ಕೊನೆಯ ಗುಡುಗು ಕೇಳಿದ ಮೇಲೆ ಅರ್ಧ ಗಂಟೆ ಕಳೆಯುವವರೆಗೆ ಮತ್ತೆ ಹೊಲಕ್ಕೆ ಇಳಿಯಬಾರದು. ಮಳೆ ನಿಂತಿತೆಂದು ಹೊರಬಂದವರೂ ಸಿಡಿಲಿಗೆ ಸಿಕ್ಕಿದ್ದಾರೆ. ಗುಡುಗಿದಾಗ ಅರ್ಜುನ, ಫಲ್ಗುಣ, ಪಾರ್ಥ ಎಂದು ಹೇಳಿಕೊಳ್ಳುವುದನ್ನು ನಮ್ಮ ಅಜ್ಜಿಯಂದಿರು ಕಲಿಸಿದ್ದಾರೆ. ಹೇಳಿಕೊಳ್ಳಿ, ನನ್ನ ಅಡ್ಡಿಯಿಲ್ಲ. ಆದರೆ ಮಿಂಚಿದ ಕೂಡಲೇ ಶುರುಮಾಡಿ, ಹೆಸರುಗಳನ್ನು ಎಣಿಸುತ್ತ ಹೇಳಿ, ಕಾಲು ಮಾತ್ರ ಮನೆಯ ಕಡೆಗಿರಲಿ.

ನಾನು ಬಹಳವಾಗಿ ಹೆದರುವುದು ಇನ್ನೊಂದು ಗಳಿಗೆಗೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ನೀರು ಸಿಕ್ಕ ವರ್ಷ ಬೇಸಿಗೆ ಭತ್ತದ ಕಟಾವು ಈ ಗಾಳಿಮಳೆಯ ಕಾಲಕ್ಕೇ ಬರುತ್ತದೆ. ಭತ್ತವನ್ನು ರಸ್ತೆಯ ಬದಿಯಲ್ಲಿ, ಬಯಲಿನಲ್ಲಿ ಹರಡಿರುತ್ತಾರೆ. ವಿಜಯಪುರದ ಕಡೆ ಒಣದ್ರಾಕ್ಷಿ ಶೆಡ್ಡಿನಲ್ಲಿರುತ್ತದೆ. ಗಾಳಿ ಎದ್ದು ಮೊದಲ ಹನಿ ಬೀಳುತ್ತಿದ್ದಂತೆ ಮನೆಮಂದಿಯೆಲ್ಲ ತಾಡಪಾಲು ಹಿಡಿದು ಓಡುತ್ತಾರೆ. ಮನೆಯೊಳಗೆ ಸುರಕ್ಷಿತವಾಗಿದ್ದವರನ್ನು ಎಳೆದು ಸಿಡಿಲಿನ ಬಾಯಿಗೆ ಒಡ್ಡುವ ಹೊತ್ತು ಇದೇ. ವರ್ಷದ ದುಡಿಮೆ ಕಣ್ಣೆದುರು ನೆನೆಯುತ್ತಿರುವಾಗ ಸುಮ್ಮನೆ ನೋಡುತ್ತ ನಿಲ್ಲಿ ಎಂದು ಹೇಳುವಷ್ಟು ಧೈರ್ಯ ನನಗೂ ಇಲ್ಲ. ಅದಕ್ಕೇ ಕೆಲಸವನ್ನು ಮುಂಚಿತವಾಗಿ ಮುಗಿಸಬೇಕು ಎನ್ನುವುದು. ಕಿತ್ತಳೆ ಎಚ್ಚರಿಕೆ ಇದ್ದ ದಿನ ಮಧ್ಯಾಹ್ನ 1 ಗಂಟೆಗೇ, ಬಿಸಿಲು ಸುಡುತ್ತಿದ್ದರೂ ಸರಿ, ರಾಶಿಯನ್ನು ಒಟ್ಟುಗೂಡಿಸಿ ತಾಡಪಾಲು ಹೊದಿಸಿ ಅಂಚಿಗೆ ಕಲ್ಲು ಹೇರಿಬಿಡಿ. ಎರಡು ಮೂರು ತಾಸಿನ ಒಣಗುವಿಕೆ ನಷ್ಟವಾಗುತ್ತದೆ, ನಿಜ. ಅದನ್ನು ಮರುದಿನದ ಬಿಸಿಲು ಕೊಡುತ್ತದೆ. ತಾಡಪಾಲು ಇಲ್ಲದವರು ರಿಯಾಯಿತಿ ದರದಲ್ಲಿ ಸಿಗುವುದೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಹಂಗಾಮಿಗೆ ಮೊದಲೇ ವಿಚಾರಿಸಿರಿ. ಮಳೆ ಬಂದ ದಿನ ಕೇಳಿದರೆ ಪ್ರಯೋಜನವಿಲ್ಲ.

ಈಗ ಆಳುಗಳ ಮಾತು. ಸ್ವಂತ ಹೊಲದವನಿಗೆ ಹೋಗುವುದೂ ಬಿಡುವುದೂ ಅವನದೇ ಇಷ್ಟ. ಕೂಲಿಗೆ ಬರುವ ಹೆಣ್ಣುಮಕ್ಕಳಿಗೆ ಆ ಇಷ್ಟ ಎಲ್ಲಿದೆ? ‘ಇವತ್ತು ಗುಡುಗುತ್ತದೆಯಂತೆ, ಬರುವುದಿಲ್ಲ’ ಎಂದರೆ ನಾಳೆ ಬೇರೆಯವರನ್ನು ಕರೆಯುತ್ತಾರೆ. ಮೋಡ ಕಪ್ಪಾದರೂ ‘ಇನ್ನೆರಡು ಸಾಲು ಮುಗಿಸಿಬಿಡಿ’ ಎಂಬ ಮಾತು ನಮ್ಮ ಬಾಯಿಂದ ಬರುತ್ತದೆ. ಆಮೇಲೆ ಇಪ್ಪತ್ತು ಮೂವತ್ತು ಜನರನ್ನು ಟ್ರ್ಯಾಕ್ಟರಿನ ಟ್ರೈಲರಿನಲ್ಲಿ ನಿಲ್ಲಿಸಿಕೊಂಡು ಬಯಲಿನ ನಡುವೆ, ಸುರಿಯುವ ಮಳೆಯಲ್ಲಿ, ಊರಿಗೆ ಹೊಡೆಯುವುದು. ತೆರೆದ ಟ್ರೈಲರಿನಲ್ಲಿ ನಿಂತವರಿಗೆ ಸಿಡಿಲಿನಿಂದ ಯಾವ ರಕ್ಷಣೆಯೂ ಇಲ್ಲ. ದಾರಿಯ ಹಳ್ಳದ ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ಅದು ಇನ್ನೊಂದು ಗಂಡಾಂತರ. ರಭಸದ ನೀರು ಮೊಣಕಾಲಿನಷ್ಟಿದ್ದರೂ ಗಟ್ಟಿ ಆಳನ್ನು ಕೆಡವುತ್ತದೆ. ಎರಡು ಅಡಿ ನೀರು ಕಾರು, ಜೀಪುಗಳನ್ನೇ ಎಳೆದೊಯ್ಯಬಲ್ಲದು.

ಕೂಲಿಗೆ ಕರೆದವರು ಹಿಂದಿನ ಸಂಜೆಯೇ ಎಚ್ಚರಿಕೆ ನೋಡಿ ‘ನಾಳೆ ಮುಂಜಾನೆಯೇ ಬನ್ನಿ, ಹನ್ನೊಂದಕ್ಕೆ ಬಿಡುತ್ತೇವೆ’ ಎಂದು ಹೇಳಬೇಕು. ನಡುವೆ ಕೆಲಸ ನಿಲ್ಲಿಸಬೇಕಾಗಿ ಬಂದರೆ ಆ ದಿನದ ಕೂಲಿಯನ್ನು ಮುರಿಯಬಾರದು. ಇದು ದೊಡ್ಡ ಮನಸ್ಸಿನ ಮಾತೇನಲ್ಲ, ವ್ಯವಹಾರದ ಮಾತೇ. ಕೂಲಿ ಮುರಿಯುತ್ತದೆಂದು ಗೊತ್ತಿದ್ದರೆ ಅವರು ಗುಡುಗಿದರೂ ಸಾಲು ಬಿಟ್ಟು ಏಳುವುದಿಲ್ಲ. ಸಣ್ಣ ಹಿಡುವಳಿದಾರರಿಗೆ ಇದು ಭಾರವೆನಿಸಬಹುದು. ಅಂಥವರು ಬಾಕಿ ಉಳಿದ ಅರ್ಧ ದಿನವನ್ನು ಇನ್ನೊಂದು ದಿನ ಮಾಡಿಕೊಡುವಂತೆ ಮೊದಲೇ ಮಾತಾಡಿಕೊಳ್ಳಲಿ. ಮುಯ್ಯಾಳು ಪದ್ಧತಿ ತಿಳಿದ ಊರುಗಳಿಗೆ ಇದೇನೂ ಹೊಸದಲ್ಲ.

ಎಷ್ಟೇ ಎಚ್ಚರವಿದ್ದರೂ ನಡುಹೊಲದಲ್ಲಿ ಸಿಕ್ಕಿಕೊಳ್ಳುವುದುಂಟು. ಆಗ ಒಂಟಿ ಮರದ ಕೆಳಗೆ ಹೋಗಲೇಬೇಡಿ. ಸಿಡಿಲು ಮರಕ್ಕೆ ಬಡಿದು ಅಲ್ಲಿಂದ ಪಕ್ಕದಲ್ಲಿ ನಿಂತವನಿಗೆ ಹಾರುತ್ತದೆ. ಹೊಲದ ಗುಡಿಸಲು, ನಾಲ್ಕು ಕಂಬದ ತಗಡಿನ ಚಪ್ಪರ ಇವು ಮಳೆಯನ್ನು ತಡೆದಾವು, ಸಿಡಿಲನ್ನು ತಡೆಯಲಾರವು. ಗಟ್ಟಿ ಗೋಡೆ, ಛಾವಣಿ ಇರುವ ಕಟ್ಟಡ, ಇಲ್ಲವೇ ಗಾಜು ಏರಿಸಿದ ಬಸ್ಸು, ಜೀಪು, ಕಾರು ಸುರಕ್ಷಿತ. ಅವುಗಳ ಲೋಹದ ಮೈ ವಿದ್ಯುತ್ತನ್ನು ಹೊರಗಿನಿಂದಲೇ ನೆಲಕ್ಕೆ ಇಳಿಸುತ್ತದೆ. ಟೈರಿನ ರಬ್ಬರು ಕಾಯುತ್ತದೆ ಎನ್ನುವುದು ತಪ್ಪು ತಿಳಿವಳಿಕೆ. ಹಾಗೆಯೇ ಕಾಲಿನ ರಬ್ಬರ್ ಚಪ್ಪಲಿಯನ್ನೂ ನಂಬಬೇಡಿ. ಪಂಪ್‌ಸೆಟ್ಟಿನ ಸ್ಟಾರ್ಟರ್, ತಂತಿಬೇಲಿ, ಕೊಳವೆಬಾವಿಯ ಪೈಪು ಮುಟ್ಟಬಾರದು. ಯಾವ ಆಸರೆಯೂ ಇಲ್ಲದಿದ್ದರೆ ತಗ್ಗು ಜಾಗಕ್ಕೆ ಬಂದು, ಒಬ್ಬರಿಂದೊಬ್ಬರು ದೂರ ಸರಿದು, ಎರಡೂ ಪಾದ ಜೋಡಿಸಿ, ತಲೆ ತಗ್ಗಿಸಿ ಕುಕ್ಕರಗಾಲಿನಲ್ಲಿ ಕೂರಬೇಕು. ಮಲಗಬಾರದು. ಇದರಿಂದ ಅಪಾಯ ಪೂರ್ತಿ ತಪ್ಪುವುದಿಲ್ಲ, ಕಡಿಮೆಯಾಗುತ್ತದೆ ಅಷ್ಟೆ.

ಪಾದ ಏಕೆ ಜೋಡಿಸಬೇಕು ಎಂದರೆ, ನೆಲಕ್ಕೆ ಬಿದ್ದ ಸಿಡಿಲಿನ ವಿದ್ಯುತ್ತು ಸುತ್ತಲೂ ಹರಡುವಾಗ ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತದೆ. ಕಾಲುಗಳ ನಡುವಿನ ಅಂತರ ಹೆಚ್ಚಿದಷ್ಟೂ ಪೆಟ್ಟು ಜೋರು. ಎತ್ತು, ಎಮ್ಮೆಗಳ ಮುಂಗಾಲಿಗೂ ಹಿಂಗಾಲಿಗೂ ಅಂತರ ದೊಡ್ಡದು, ವಿದ್ಯುತ್ತು ಎದೆಯ ಮೂಲಕವೇ ಹಾಯುತ್ತದೆ. ಮರದ ಕೆಳಗೆ ಗುಂಪುಗೂಡಿದ ಕುರಿಗಳು ಒಂದೇ ಏಟಿಗೆ ಹಿಂಡುಹಿಂಡಾಗಿ ಸಾಯುವುದು ಹೀಗೆ. ದನಗಳನ್ನು ಮರಕ್ಕಾಗಲಿ ತಂತಿಬೇಲಿಯ ಕಂಬಕ್ಕಾಗಲಿ ಕಟ್ಟಿಹಾಕಬಾರದು.

ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಮುಟ್ಟಲು ಹೆದರಿ ದೂರ ನಿಂತದ್ದರಿಂದಲೇ ಕೆಲವರ ಪ್ರಾಣ ಹೋಗುತ್ತದೆ. ಉಸಿರು ನಿಂತಿದ್ದರೆ ಒಬ್ಬರು 108ಕ್ಕೆ ಕರೆ ಮಾಡಲಿ. ಇನ್ನೊಬ್ಬರು ಎದೆಯ ನಡುವೆ ಎರಡು ಅಂಗೈ ಊರಿ ಎರಡು ಅಂಗುಲ ಆಳಕ್ಕೆ, ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ, ಒತ್ತುತ್ತಲೇ ಇರಬೇಕು. ಜಾರ್ಖಂಡ, ಛತ್ತೀಸಗಡದ ಕೆಲವೆಡೆ ಸಗಣಿಯಲ್ಲಿ ಹೂತಿಡುವ ರೂಢಿಯಿದೆ. ಅದರಿಂದ ಆಸ್ಪತ್ರೆ ತಲುಪುವುದು ತಡವಾಗುತ್ತದೆ, ಬೇರೆ ಫಲವಿಲ್ಲ.

ಈ ಪುಟವನ್ನು ವಾಚನಾಲಯದಲ್ಲಿ ಓದುತ್ತಿರುವವರಲ್ಲಿ ಒಂದು ಕೋರಿಕೆ. ಅಲ್ಲಿನ ಕಪ್ಪುಹಲಗೆಯ ಒಂದು ಮೂಲೆಯಲ್ಲಿ ಪ್ರತಿ ಸಂಜೆ ಮರುದಿನದ ಎಚ್ಚರಿಕೆಯ ಬಣ್ಣವನ್ನು ಯಾರಾದರೂ ಬರೆಯಿರಿ. ಕಿತ್ತಳೆ ಅಥವಾ ಕೆಂಪು ಇದ್ದರೆ ಗುಡಿಯ ಮೈಕಿನಲ್ಲೋ ಡಂಗುರದಿಂದಲೋ ಸಾರಿಸಿರಿ. ಮೊಬೈಲ್ ಇಲ್ಲದ ಕುರಿಗಾಹಿಗೆ ಬೇರೆ ದಾರಿಯಿಲ್ಲ. ಗ್ರಾಮಸಭೆಯಲ್ಲಿ ಶಾಲೆಗೂ ಸಮುದಾಯ ಭವನಕ್ಕೂ ಮಿಂಚು ನಿರೋಧಕ ಕಂಬ ಹಾಕಿಸುವ ಬೇಡಿಕೆ ಇಡಿ. ರಸ್ತೆಗೂ ಕಮಾನಿಗೂ ಹಣ ಹುಡುಕುವ ಪಂಚಾಯಿತಿಗಳು ಇದಕ್ಕೂ ಹುಡುಕಬಲ್ಲವು.

ಕೊನೆಗೊಂದು ಕಾಗದಪತ್ರದ ವಿಚಾರ. ಸಿಡಿಲಿನ ಸಾವಿಗೆ ನಮ್ಮ ರಾಜ್ಯದಲ್ಲಿ ಸರ್ಕಾರದ ಪರಿಹಾರವಿದೆ, ಸತ್ತ ಜಾನುವಾರಿಗೂ ಇದೆ. ದುಃಖದ ಗಡಿಬಿಡಿಯಲ್ಲಿ ಶವಪರೀಕ್ಷೆ ಮಾಡಿಸದೆ ಮಣ್ಣು ಮಾಡಿದರೆ ಆ ಕುಟುಂಬಕ್ಕೆ ಪರಿಹಾರ ಸಿಗುವುದು ಕಷ್ಟ. ಆದ್ದರಿಂದ ಪೊಲೀಸ್ ಠಾಣೆಗೂ ಊರಿನ ಕಂದಾಯ ಇಲಾಖೆಯ ಸಿಬ್ಬಂದಿಗೂ ಕೂಡಲೇ ತಿಳಿಸಬೇಕು. ಜಾನುವಾರು ಸತ್ತರೆ ಹೂಳುವ ಮುನ್ನ ಪಶುವೈದ್ಯರನ್ನು ಕರೆಸಿ ಪ್ರಮಾಣಪತ್ರ ಪಡೆಯಿರಿ, ಒಂದು ಫೋಟೋ ತೆಗೆಸಿಡಿ.