ಐವತ್ಮೂರರೊಳಗೆ ಯಾರು?
ಆಗಸ್ಟ್ 2024. ಅಮೆರಿಕನ್ ಫುಟ್‌ಬಾಲ್ ತಂಡ ಕಾನ್ಸಾಸ್ ಸಿಟಿ ಚೀಫ್ಸ್‌ನ ಶಿಬಿರದಲ್ಲಿ 90 ಜನ. ಸೀಸನ್ ಶುರುವಾಗುವಾಗ ಉಳಿಯುವವರು 53. ಸತತ ಎರಡು ಸೂಪರ್ ಬೌಲ್, ಅಂದರೆ ಲೀಗ್ ಫೈನಲ್, ಗೆದ್ದ ತಂಡ ಇದು. ಸತತ ಮೂರು ಗೆದ್ದವರು ಇದುವರೆಗೆ ಯಾರೂ ಇಲ್ಲ. ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್, ಆ ಮಾತು ಅಲ್ಲಿಗೆ ಮುಗಿಯಿತು. ಎಲ್ಲರ ಕಣ್ಣು ಚೆಂಡು ಹಿಡಿದು ಓಡುವ ಹೊಸ ಹುಡುಗ ಝೇವಿಯರ್ ವರ್ದಿ ಮೇಲೆ. 40 ಗಜವನ್ನು 4.21 ಸೆಕೆಂಡಿನಲ್ಲಿ ಓಡಿ ಆಯ್ಕೆ ಪರೀಕ್ಷೆಯ ದಾಖಲೆ ಮುರಿದವನು. ಓಟವೇನೋ ಸರಿ, ಆದರೆ ತೂಕ ಬರೀ 75 ಕೆ.ಜಿ! ಗುದ್ದಿ ಬೀಳಿಸಲೆಂದೇ ಕಾದಿರುವವರ ನಡುವೆ ನುಸುಳಬೇಕಲ್ಲ. ಚೆಂಡು ಹಿಡಿಯುವ ಹಿರಿಯ ಆಟಗಾರ ಟ್ರಾವಿಸ್ ಕೆಲ್ಸಿಗೆ ಅಕ್ಟೋಬರ್‌ನಲ್ಲಿ 35 ತುಂಬುತ್ತದೆ. ರಕ್ಷಣೆಯ ಲಜೇರಿಯಸ್ ಸ್ನೀಡ್‌ನನ್ನು ಟೆನೆಸ್ಸಿ ತಂಡಕ್ಕೆ ಬಿಟ್ಟುಕೊಟ್ಟಾಗಿದೆ. ನನ್ನ ಅಳುಕು ಮಾತ್ರ ಬೇರೆ ಕಡೆ: ಮಹೋಮ್ಸ್ ಕಣ್ಣಿಗೆ ಬೀಳದ ಎಡಬದಿಯನ್ನು ಕಾಯುವ ಕೆಲಸಕ್ಕೆ ಪೈಪೋಟಿ ನಡೆಸಿರುವವರು ಇಬ್ಬರು ಎಳೆಯರು, ಕಿಂಗ್ಸ್‌ಲಿ ಸುವಾಮತೈಯಾ ಮತ್ತು ವಾನ್ಯಾ ಮಾರಿಸ್.