ಹೆಸರೇ ಹಕ್ಕಿನ ಮೊದಲ ಅಕ್ಷರ



ಶಾಂತಕವಿಗಳು ನಾಟಕ ಕಟ್ಟಿದ ಗದುಗಿನ ಸೀಮೆಯಲ್ಲಿ ಮೊದಲು ಪುರುಷರೇ ಸ್ತ್ರೀವೇಷ ಧರಿಸುತ್ತಿದ್ದರು. ಅಂಥಲ್ಲಿ ಲಕ್ಷ್ಮೇಶ್ವರದ ಬಚ್ಚಾಸಾನಿಯವರು ಸ್ತ್ರೀಯರದೇ ನಾಟಕ ಮಂಡಳಿ ನಡೆಸಿದರು. ಜನ ಆಟವನ್ನು ಮೆಚ್ಚಿದರು. ಆಡಿದವರನ್ನು ಮಾತ್ರ ಕೀಳಾಗಿ ಕಂಡರು.

ಇತ್ತ ಸ್ತ್ರೀಮತಾಧಿಕಾರದ ಬೇಡಿಕೆಯೂ ಎದ್ದಿತು. 1917ರಲ್ಲಿ ಸರೋಜಿನಿ ನಾಯ್ಡು ಅವರ ನಿಯೋಗವು ಮಾಂಟೆಗು ಅವರನ್ನು ಕಂಡಿತು. 1921ರಲ್ಲಿ ಮುಂಬಯಿ ಶಾಸನಸಭೆ ಆ ಹಕ್ಕನ್ನು ಒಪ್ಪಿತು. ಗದಗ, ಮುಂಡರಗಿಗಳು ಆ ಪ್ರಾಂತದವು. ಅಲ್ಲಿಯೂ ಆಸ್ತಿ, ತೆರಿಗೆಯ ಅರ್ಹತೆಯುಳ್ಳ ಕೆಲವರಿಗಷ್ಟೇ ಮತ ದೊರೆಯಿತು. ಮಿರಜ ಸಂಸ್ಥಾನದ ಲಕ್ಷ್ಮೇಶ್ವರವೂ ಸಾಂಗಲಿ ಸಂಸ್ಥಾನದ ಶಿರಹಟ್ಟಿಯೂ ಅದರ ಎಲ್ಲೆಯ ಹೊರಗಿದ್ದವು. ಸರ್ವರಿಗೂ ಮತ ಕೊಟ್ಟದ್ದು 1950ರ ಸಂವಿಧಾನ.

ಆದರೂ 1951-52ರ ಮೊದಲ ಮಹಾಚುನಾವಣೆಯಲ್ಲಿ ಸುಮಾರು 28 ಲಕ್ಷ ಸ್ತ್ರೀಯರು, ಬಹುತೇಕ ಉತ್ತರ ಭಾರತದವರು, ಮತದಾರರ ಪಟ್ಟಿಯಿಂದ ಹೊರಗುಳಿದರು. ಅವರು ತಮ್ಮ ಹೆಸರು ಹೇಳದೆ 'ಇಂಥವರ ಪತ್ನಿ', 'ಇಂಥವರ ತಾಯಿ' ಎಂದಷ್ಟೇ ಬರೆಯಿಸಿದ್ದರು.

ನಾವು ಕೀಳೆಂದ ರಂಗನಟಿಗೆ ಸ್ವಂತ ಹೆಸರಿತ್ತು. ನಾವು ಮರ್ಯಾದೆಯೆಂದು ಹೊಗಳಿದ ಮೌನವು ಗೃಹಿಣಿಯ ಹಕ್ಕನ್ನೇ ನುಂಗಿತು. ತಮ್ಮದೇ ಅಂಕಿತದಲ್ಲಿ ವಚನ ನುಡಿದ ಶರಣೆಯರ ಪರಂಪರೆ ನಮ್ಮದು. ನಮ್ಮ ಮನೆಯ ಬಾಗಿಲ ಫಲಕದಲ್ಲಿ, ಹೊಲದ ಉತಾರದಲ್ಲಿ ತಾಯಿಯ ಹೆಸರಿದೆಯೇ? ಇಂದೇ ನೋಡಿಕೊಳ್ಳೋಣ.